ಸಮುದ್ರದ ನಕ್ಷೆಯಲ್ಲಿ ಯಾರ ದೋಣಿ ಕಾಣುತ್ತದೆ?

2024ರ ನವೆಂಬರ್‌ನಲ್ಲಿ ಕೇಂದ್ರ ಗಣಿ ಸಚಿವಾಲಯ ಸಮುದ್ರದ 13 ಬ್ಲಾಕ್‌ಗಳನ್ನು ಹರಾಜಿಗೆ ಇಟ್ಟಿತು. ಗುಜರಾತಿನ ಎದುರು ಸುಣ್ಣದ ಕೆಸರು, ಗ್ರೇಟ್ ನಿಕೋಬಾರ್ ಹತ್ತಿರ ಲೋಹದ ಗಂಟುಗಳು, ಕೇರಳದ ಕೊಲ್ಲಂ ಎದುರು ಕಟ್ಟಡಕ್ಕೆ ಬೇಕಾದ ಮರಳು. ಭೂವಿಜ್ಞಾನಿಗಳ ನಕ್ಷೆಯಲ್ಲಿ ಕೊಲ್ಲಂ ಎದುರಿನ ಆ ಜಾಗ ಎಂದರೆ ಒಳ್ಳೆಯ ಮರಳು. ಮೀನುಗಾರರ ಲೆಕ್ಕದಲ್ಲಿ ಅದು ಕೊಲ್ಲಂ ಪರಪ್ಪ್, ಹೇರಳವಾಗಿ ಮೀನು ಸಿಗುವ ಜಾಗ. 2025ರ ಫೆಬ್ರವರಿಯಲ್ಲಿ ಕೇರಳದ ಕರಾವಳಿ ಬಂದ್ ಆಯಿತು. ಮಾರ್ಚ್‌ನಲ್ಲಿ ಅಲ್ಲಿನ ವಿಧಾನಸಭೆ ಈ ಗಣಿಗಾರಿಕೆಯ ವಿರುದ್ಧ ನಿರ್ಣಯ ಮಾಡಿತು.

ಎರಡು ನಕ್ಷೆಗಳೂ ಸುಳ್ಳಲ್ಲ. ಅವನ್ನು ಒಂದರ ಮೇಲೊಂದು ಇಟ್ಟು, ಎಲ್ಲರ ಎದುರು ಜಗಳವಾಡಿ ಮುಗಿಸುವ ಕೆಲಸ ಹರಾಜಿಗೆ ಮೊದಲೇ ಆಗಬೇಕಾದದ್ದು. ಜಗತ್ತಿನ ಹಲವು ದೇಶಗಳು ಈ ಕೆಲಸವನ್ನು ಈಗ ಸಾಫ್ಟ್‌ವೇರ್ ಇಟ್ಟುಕೊಂಡು ಮಾಡುತ್ತಿವೆ. ಹಡಗಿನ ದಾರಿ, ಮೀನುಗಾರಿಕೆ, ಗಾಳಿಯಂತ್ರ, ತೈಲದ ಪೈಪು, ಕೇಬಲ್, ಪ್ರವಾಸ, ನೌಕಾಪಡೆ, ಹವಳದ ದಿಬ್ಬ ಇವೆಲ್ಲಕ್ಕೂ ಒಂದೇ ನೀರಿನಲ್ಲಿ ಜಾಗ ಹುಡುಕುವ ಈ ಕೆಲಸಕ್ಕೆ ಸಾಗರ ಯೋಜನೆ ಎನ್ನೋಣ. ಯುನೆಸ್ಕೋ 2009ರಲ್ಲೇ ಇದಕ್ಕೊಂದು ಕೈಪಿಡಿ ತಂದಿತು. ಯುರೋಪಿಯನ್ ಒಕ್ಕೂಟ 2014ರಲ್ಲಿ ಕಾನೂನು ಮಾಡಿ, ಕರಾವಳಿ ಇರುವ ಸದಸ್ಯ ದೇಶಗಳೆಲ್ಲ 2021ರ ಮಾರ್ಚ್ 31ರೊಳಗೆ ತಮ್ಮ ಸಮುದ್ರದ ಯೋಜನೆ ಮಾಡಿ ಮುಗಿಸಬೇಕು ಎಂದಿತು. ನಮ್ಮಲ್ಲೂ ಶುರುವಾಗಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ಕಂಪ್ಯೂಟರ್ ಹೇಳಿತು ಎಂದರೆ ಪಕ್ಷಪಾತ ಇಲ್ಲ ಎಂದು ನಾವು ಬೇಗ ಒಪ್ಪಿಬಿಡುತ್ತೇವೆ, ಅಲ್ವಾ? ಇಲ್ಲಿ ಅಷ್ಟು ಬೇಗ ಒಪ್ಪಬಾರದು. ಏಕೆ ಎಂದು ತಿಳಿಯಲು ಈ ಸಾಫ್ಟ್‌ವೇರ್‌ಗಳ ಒಳಗೆ ಸ್ವಲ್ಪ ಇಣುಕಬೇಕು.

ಈ ಕ್ಷೇತ್ರದಲ್ಲಿ ಹೆಚ್ಚು ಹೆಸರು ಮಾಡಿದ್ದು ಮಾರ್ಕ್ಸಾನ್. ಆಸ್ಟ್ರೇಲಿಯಾದ ಇಯಾನ್ ಬಾಲ್ ಮತ್ತು ಹ್ಯೂ ಪಾಸಿಂಗ್‌ಹ್ಯಾಮ್ ಇದನ್ನು ರೂಪಿಸಿದರು. ಉಚಿತವಾಗಿ ಸಿಗುತ್ತದೆ. ಸಂರಕ್ಷಣೆಗೆ ಸಮುದ್ರದ ಯಾವ ಜಾಗಗಳನ್ನು ಮುಚ್ಚಬೇಕು ಎಂಬುದು ಇದು ಬಿಡಿಸುವ ಲೆಕ್ಕ. ಹೇಳುವುದಕ್ಕೆ ಅದು ಸುಲಭ. ಸಮುದ್ರವನ್ನು ಸಣ್ಣ ಸಣ್ಣ ತುಂಡುಗಳಾಗಿ ಮಾಡಿ. ಪ್ರತಿ ತುಂಡಿನಲ್ಲಿ ಏನಿದೆ ಎಂದು ಬರೆಯಿರಿ: ಹವಳ ಇಷ್ಟು, ಕಡಲಹುಲ್ಲು ಇಷ್ಟು, ಆಮೆ ಮೊಟ್ಟೆ ಇಡುವ ದಡ ಇಷ್ಟು. ಪ್ರತಿಯೊಂದರಲ್ಲೂ ಎಷ್ಟು ಪಾಲು ಉಳಿಯಬೇಕು ಎಂದು ಗುರಿ ಹಾಕಿ. ಕೊನೆಗೆ ಪ್ರತಿ ತುಂಡಿಗೂ ಒಂದು ಬೆಲೆ ಕಟ್ಟಿ, ಅಂದರೆ ಆ ತುಂಡನ್ನು ಮುಚ್ಚಿದರೆ ಆಗುವ ನಷ್ಟ. ಎಲ್ಲಾ ಗುರಿಗಳೂ ಮುಟ್ಟಬೇಕು, ಒಟ್ಟು ಬೆಲೆ ಆದಷ್ಟು ಕಡಿಮೆ ಇರಬೇಕು. ಯಾವ ಯಾವ ತುಂಡು ಆರಿಸಬೇಕು?

ಹೇಳುವುದಕ್ಕೆ ಸುಲಭ, ಬಿಡಿಸುವುದಕ್ಕೆ ಅಲ್ಲ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಇಂಥ 17 ಸಾವಿರಕ್ಕೂ ಹೆಚ್ಚು ತುಂಡುಗಳಿದ್ದವು. ಪ್ರತಿಯೊಂದನ್ನೂ ಆರಿಸಬಹುದು ಅಥವಾ ಬಿಡಬಹುದು. ಹಾಗಾದರೆ ಒಟ್ಟು ಎಷ್ಟು ಬಗೆಯ ಯೋಜನೆ ಸಾಧ್ಯ? ಆ ಸಂಖ್ಯೆ ಬರೆಯಲು 5 ಸಾವಿರಕ್ಕೂ ಹೆಚ್ಚು ಅಂಕಿ ಬೇಕು. ಎಲ್ಲವನ್ನೂ ಒಂದೊಂದಾಗಿ ಪರೀಕ್ಷಿಸುವುದು ಯಾವ ಯಂತ್ರಕ್ಕೂ ಆಗದ ಮಾತು. ಮಾರ್ಕ್ಸಾನ್ ಇದಕ್ಕೆ ಬಳಸುವ ಉಪಾಯ ಕುಲುಮೆಯಿಂದ ಬಂದದ್ದು. ಕಾದ ಲೋಹವನ್ನು ನಿಧಾನ ತಣಿಸಿದರೆ ಅದರ ಒಳಗಿನ ಕಣಗಳು ಸರಿಯಾದ ಜಾಗಕ್ಕೆ ಬಂದು ಕೂರುತ್ತವೆ, ಥಟ್ಟನೆ ನೀರಿಗೆ ಅದ್ದಿದರೆ ಎಲ್ಲೆಂದರಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ. ಹಾಗೆಯೇ ಸಾಫ್ಟ್‌ವೇರ್ ಮೊದಮೊದಲು ಕೆಟ್ಟ ಬದಲಾವಣೆಗಳನ್ನೂ ಒಪ್ಪಿಕೊಂಡು ತುಂಡುಗಳನ್ನು ಆಚೀಚೆ ಮಾಡುತ್ತದೆ. ಬರಬರುತ್ತಾ ಬಿಗಿಯಾಗುತ್ತದೆ. ಕೊನೆಗೆ ಒಳ್ಳೆಯ ಬದಲಾವಣೆಗಳನ್ನು ಮಾತ್ರ ಒಪ್ಪುತ್ತದೆ. ಹೀಗೆ ನೂರು ಸಲ ಓಡಿಸಿದರೆ ನೂರು ಬೇರೆ ಬೇರೆ ಉತ್ತರ ಬರಬಹುದು. ಎಲ್ಲವೂ ಹೆಚ್ಚುಕಡಿಮೆ ಚೆನ್ನಾಗಿರುತ್ತವೆ. ನೂರರಲ್ಲಿ ತೊಂಬತ್ತು ಸಲ ಆಯ್ಕೆಯಾದ ತುಂಡನ್ನು ಬಿಡುವುದು ಕಷ್ಟ. ಮೂವತ್ತು ಸಲ ಬಂದದ್ದರ ಬಗ್ಗೆ ಕೂತು ಮಾತಾಡಬಹುದು. ನನಗೆ ಈ ಸಾಫ್ಟ್‌ವೇರ್‌ನಲ್ಲಿ ಇಷ್ಟವಾಗುವ ಅಂಶ ಇದೇ. ಚೌಕಾಸಿಗೆ ಎಲ್ಲಿ ಜಾಗ ಇದೆ ಎಂದು ಅದು ತೋರಿಸುತ್ತದೆ.

ಈಚೆಗೆ ಪ್ರಯಾರಿಟೈಸರ್ ಎಂಬ ಇನ್ನೊಂದು ಉಚಿತ ಸಾಧನ ಬಂದಿದೆ. ಅದು ಬೇರೆ ಗಣಿತ ಬಳಸಿ ಎಲ್ಲಕ್ಕಿಂತ ಕಡಿಮೆ ಬೆಲೆಯ ಉತ್ತರವನ್ನೇ ಹುಡುಕಬಲ್ಲದು. ಫಿನ್ಲೆಂಡಿನ ಜೋನೇಷನ್ ಎಂಬುದೂ ಇದೆ. ಯಾವುದು ಮೇಲು ಎಂಬ ಚರ್ಚೆ ತಜ್ಞರದ್ದು. ಮೀನುಗಾರನಿಗೆ ಅದರಿಂದ ಆಗುವ ವ್ಯತ್ಯಾಸ ಕಡಿಮೆ. ಅವನಿಗೆ ವ್ಯತ್ಯಾಸ ಆಗುವುದು ಬೆಲೆಯ ಕಾಲಂನಲ್ಲಿ.

ಗ್ರೇಟ್ ಬ್ಯಾರಿಯರ್ ರೀಫ್‌ನ ಕಥೆ ಇದನ್ನು ಚೆನ್ನಾಗಿ ತೋರಿಸುತ್ತದೆ. ಆ ಸಾಗರ ಉದ್ಯಾನದ ವಿಸ್ತೀರ್ಣ 3,44,400 ಚದರ ಕಿಲೋಮೀಟರ್, ಕರ್ನಾಟಕಕ್ಕಿಂತ ತುಂಬಾ ದೊಡ್ಡದು. ಅದರಲ್ಲಿ ಮೀನು ಹಿಡಿಯುವುದನ್ನು ಪೂರ್ತಿ ನಿಷೇಧಿಸಿದ ಜಾಗ 5%ಕ್ಕಿಂತ ಕಡಿಮೆ ಇತ್ತು. ಅದೂ ಬಹುಪಾಲು ಫೋಟೋಕ್ಕೆ ಚೆನ್ನಾಗಿ ಕಾಣುವ ಹವಳದ ಮೇಲೆ. ಹವಳದ ನಡುವಿನ ಮರಳು, ಕೆಸರು, ಹುಲ್ಲುಗಾವಲಿನ ತಳಗಳನ್ನು ಯಾರೂ ಕೇಳುತ್ತಿರಲಿಲ್ಲ. ವಿಜ್ಞಾನಿಗಳು ಇಡೀ ಪ್ರದೇಶವನ್ನು 70 ಜೈವಿಕ ವಲಯಗಳಾಗಿ ವಿಂಗಡಿಸಿದರು. ಪ್ರತಿ ವಲಯದಲ್ಲೂ ಕನಿಷ್ಠ 20% ಮುಚ್ಚಬೇಕು, ಮುಚ್ಚುವ ಜಾಗ ಸಾಧ್ಯವಾದಷ್ಟೂ 20 ಕಿಲೋಮೀಟರಿಗಿಂತ ಕಿರಿದಾಗಿರಬಾರದು, ಇಂಥ ನಿಯಮಗಳನ್ನು ಮೊದಲೇ ಬರೆದು ಪ್ರಕಟಿಸಿದರು. ಆಮೇಲೆ ಮಾರ್ಕ್ಸಾನ್ ಓಡಿಸಿದರು. ಜನರಿಂದ 31 ಸಾವಿರಕ್ಕೂ ಹೆಚ್ಚು ಅಹವಾಲುಗಳು ಬಂದವು. ಅವನ್ನು ಓದಿ ಗಡಿಗಳನ್ನು ಕೈಯಿಂದ ತಿದ್ದಿದರು. 2004ರ ಜುಲೈ 1ರಂದು ಹೊಸ ನಕ್ಷೆ ಜಾರಿಗೆ ಬಂತು. ಮೀನುಗಾರಿಕೆ ಮುಚ್ಚಿದ ಜಾಗ ಸುಮಾರು 33%ಕ್ಕೆ ಏರಿತ್ತು.

ಇಲ್ಲಿವರೆಗೆ ಇದು ಎಲ್ಲರೂ ಹೇಳುವ ಯಶಸ್ಸಿನ ಕಥೆ. ಅದರ ಬಾಲದಲ್ಲಿ ಒಂದು ಬಿಲ್ ಇದೆ. ಕಸುಬು ಕಳೆದುಕೊಂಡವರಿಗೆ ಸರ್ಕಾರ ಪರಿಹಾರ ಕೊಡಬೇಕಾಯಿತು. ಅದು ಮೊದಲಿನ ಅಂದಾಜಿಗಿಂತ ಎಷ್ಟೋ ಪಟ್ಟು ಬೆಳೆದು 20 ಕೋಟಿ ಆಸ್ಟ್ರೇಲಿಯನ್ ಡಾಲರ್ ದಾಟಿತು. ಏಕೆಂದರೆ ಬೋಟಿನ ಮಾಲೀಕರಷ್ಟೇ ಸಾಲಿನಲ್ಲಿ ನಿಲ್ಲಲಿಲ್ಲ. ಮೀನು ಸಂಸ್ಕರಿಸುವವರು, ದಡದಲ್ಲಿ ವ್ಯಾಪಾರ ಮಾಡುವವರು, ಸಾಮಾನು ಒದಗಿಸುವವರು ಎಲ್ಲರೂ ಬಂದರು. ಸಮುದ್ರದ ಒಂದು ತುಂಡಿನ ಬೆಲೆ ಆ ತುಂಡಿನಲ್ಲೇ ಮುಗಿಯುವುದಿಲ್ಲ. ಮಲ್ಪೆಯಲ್ಲಿ ಬೋಟು ನಿಂತರೆ ಐಸ್ ಪ್ಲಾಂಟ್ ನಿಲ್ಲುತ್ತದೆ, ಬಲೆ ಹೆಣೆಯುವವರಿಗೆ ಕೆಲಸ ಇರುವುದಿಲ್ಲ, ಬುಟ್ಟಿ ಹೊತ್ತು ಮೀನು ಮಾರುವ ಹೆಂಗಸರಿಗೆ ವ್ಯಾಪಾರ ಇರುವುದಿಲ್ಲ. ಇದನ್ನು ಕಾಲಂನಲ್ಲಿ ಬರೆಯದಿದ್ದರೆ ಆ ಬೆಲೆ ಇಲ್ಲವಾಗುವುದಿಲ್ಲ. ಬೇರೆ ಯಾರೋ ತೆರುತ್ತಾರೆ, ಅಷ್ಟೆ.

ಬೆಲೆಯ ಪಕ್ಕದಲ್ಲೇ ಇನ್ನೊಂದು ಕಾಲಂ ಇರುತ್ತದೆ. ಅದರ ಬಗ್ಗೆ ಮಾತು ಕಡಿಮೆ, ಪ್ರಭಾವ ಜಾಸ್ತಿ. ಮಾರ್ಕ್ಸಾನ್‌ನಲ್ಲಿ ಪ್ರತಿ ತುಂಡಿಗೂ ಒಂದು ಸ್ಥಿತಿ ಸಂಖ್ಯೆ ಕೊಡಬಹುದು. 2 ಎಂದು ಬರೆದರೆ ಆ ತುಂಡು ಯೋಜನೆಯ ಒಳಗೆ ಇರಲೇಬೇಕು. 3 ಎಂದು ಬರೆದರೆ ಸಾಫ್ಟ್‌ವೇರ್ ಅದನ್ನು ಮುಟ್ಟುವುದೇ ಇಲ್ಲ. ಬಂದರಿನ ಕಾಲುವೆ, ನೌಕಾಪಡೆಯ ಜಾಗ, ಹಡಗಿನಿಂದ ತೈಲ ಇಳಿಸಲು ನೀರಿನಲ್ಲಿ ತೇಲಿಬಿಟ್ಟ ಬೋಯ ಇಂಥವನ್ನು 3 ಎಂದು ಗುರುತಿಸಿ ಪಕ್ಕಕ್ಕೆ ಇಡುವುದು ಸುಲಭ. ಮೀನುಗಾರಿಕೆ ಮಾತ್ರ ಬೆಲೆಯ ಕಾಲಂನಲ್ಲಿ ಉಳಿಯುತ್ತದೆ. ಅಂದರೆ ಕೆಲವರು ಚೌಕಾಸಿಗೆ ಬರುವುದೇ ಇಲ್ಲ, ಕೆಲವರ ಬದುಕನ್ನು ಮಾತ್ರ ಕೂಡಿ ಕಳೆಯುತ್ತಾರೆ. ಗಣಿತದಲ್ಲಿ ಯಾವ ತಪ್ಪೂ ಇಲ್ಲ. ಆದರೆ ಲೆಕ್ಕ ಶುರುವಾಗುವ ಮೊದಲೇ ಅರ್ಧ ತೀರ್ಪು ಆಗಿಹೋಗಿದೆ. ಇಂಥ ಯಾವುದೇ ಯೋಜನೆ ಬಂದಾಗ ಬಣ್ಣಬಣ್ಣದ ಕೊನೆಯ ನಕ್ಷೆಗಿಂತ ಈ ಎರಡು ಕಾಲಂಗಳನ್ನು ಮೊದಲು ಕೇಳಬೇಕು ಎಂಬುದು ನನ್ನ ಅಭಿಪ್ರಾಯ.

ಸ್ವೀಡನ್ನಿನ ಉದಾಹರಣೆ ನೋಡಿ. ಅಲ್ಲಿ ಸಿಂಫನಿ ಎಂಬ ಸಾಧನ ಇದೆ. ಯಾವ ಚಟುವಟಿಕೆಯಿಂದ ಯಾವ ಜೀವಿಗೆ ಎಷ್ಟು ಒತ್ತಡ ಎಂದು ಅದು ಕೂಡಿ ತೋರಿಸುತ್ತದೆ. ಅದನ್ನು ಬಳಸಿ ಮಾಡಿದ ಸಾಗರ ಯೋಜನೆಗಳಿಗೆ 2022ರಲ್ಲಿ ಸರ್ಕಾರದ ಒಪ್ಪಿಗೆಯೂ ಸಿಕ್ಕಿತು. 2024ರ ನವೆಂಬರ್‌ನಲ್ಲಿ ಅದೇ ದೇಶದ ಸರ್ಕಾರ ಬಾಲ್ಟಿಕ್ ಸಮುದ್ರದ 13 ಗಾಳಿವಿದ್ಯುತ್ ಯೋಜನೆಗಳನ್ನು ಒಂದೇ ದಿನ ತಿರಸ್ಕರಿಸಿತು. ಕಾರಣ ರಕ್ಷಣೆ: ಸಾಲುಸಾಲು ಗಾಳಿಯಂತ್ರ ನಿಂತರೆ ಕ್ಷಿಪಣಿ, ಜಲಾಂತರ್ಗಾಮಿ ಪತ್ತೆಗೆ ತೊಂದರೆ. ಸೇನೆಗೆ ಏನು ಬೇಕು ಎಂಬುದು ಪೂರ್ತಿಯಾಗಿ ಯಾವ ಸಾರ್ವಜನಿಕ ನಕ್ಷೆಯಲ್ಲೂ ಸಿಗುವುದಿಲ್ಲ, ಸಿಗಬೇಕೆಂದು ಕೇಳುವುದೂ ಆಗದು. ಕಾರವಾರದವರಿಗೆ ಇದು ಹೊಸದಲ್ಲ. ಸೀಬರ್ಡ್ ನೌಕಾನೆಲೆ ಬಂದ ಮೇಲೆ ಅರ್ಗಾ ಕಡೆಯ ದಡ ಮೀನುಗಾರರ ಕೈತಪ್ಪಿದ್ದನ್ನು ಅವರು ನೋಡಿದ್ದಾರೆ.

ಹಾಗಾದರೆ ಬೆಲೆಯ ಕಾಲಂ ಸರಿಯಾಗಿ ತುಂಬುವುದು ಹೇಗೆ? ಕ್ಯಾಲಿಫೋರ್ನಿಯಾ ಇದನ್ನು ಪೆಟ್ಟು ತಿಂದು ಕಲಿಯಿತು. ಸಾಗರ ಸಂರಕ್ಷಣೆಗೆ ಅಲ್ಲಿ 1999ರಲ್ಲಿ ಕಾನೂನು ಬಂತು. ಮೊದಲ ಪ್ರಯತ್ನದಲ್ಲಿ ವಿಜ್ಞಾನಿಗಳು ತಾವೇ ಕೂತು ನಕ್ಷೆ ಬರೆದರು. ಅದನ್ನು ಜನರ ಮುಂದೆ ಇಟ್ಟಾಗ ಎದ್ದ ಗಲಾಟೆಗೆ ನಕ್ಷೆ ವಾಪಸ್ ಹೋಯಿತು. ಎರಡನೇ ಪ್ರಯತ್ನ ದುಡ್ಡಿಲ್ಲದೆ ನಿಂತಿತು. 2004ರಲ್ಲಿ ಮತ್ತೆ ಶುರು ಮಾಡಿದಾಗ ಪೆನ್ಸಿಲನ್ನು ಮೀನುಗಾರರು, ಮುಳುಗುಗಾರರು, ಪರಿಸರದವರ ಕೈಗೇ ಕೊಟ್ಟರು. ಮುಂದೆ ಮರೀನ್‌ಮ್ಯಾಪ್ ಎಂಬ ವೆಬ್ ಸಾಧನ ಬಂತು. ಯಾರು ಬೇಕಾದರೂ ನಕ್ಷೆಯ ಮೇಲೆ ಒಂದು ಗಡಿ ಎಳೆಯಬಹುದು. ಈ ಗಡಿಯೊಳಗೆ ಎಷ್ಟು ಕಲ್ಲುತಳ ಬಂತು, ವಿಜ್ಞಾನಿಗಳು ಹೇಳಿದ ಅಳತೆಗೆ ಸಾಕೋ ಇಲ್ಲವೋ, ಯಾವ ಮೀನುಗಾರಿಕೆಗೆ ಎಷ್ಟು ಪೆಟ್ಟು ಎಂದು ಅದು ಕೂಡಲೇ ಹೇಳುತ್ತಿತ್ತು. ಸುಮ್ನೆ ವಿರೋಧಿಸುವ ಬದಲು "ನಿನ್ನ ಗಡಿಗಿಂತ ನನ್ನದು ಮೇಲು" ಎಂದು ತೋರಿಸುವ ಅವಕಾಶ ಜನರಿಗೆ ಸಿಕ್ಕಿತು. ಈಗಿನ ಸೀಸ್ಕೆಚ್ ಎಂಬ ಸಾಧನ ಅದರ ಮುಂದಿನ ಪೀಳಿಗೆ.

ಆದರೆ ಯಾವ ಮೀನುಗಾರನೂ ತನ್ನ ಒಳ್ಳೆಯ ಜಾಗವನ್ನು ಹೇಳಿಕೊಳ್ಳುವುದಿಲ್ಲ. ಹೇಳಿದರೆ ಪಕ್ಕದ ಬೋಟಿನವನು ಬರುತ್ತಾನೆ, ಇಲ್ಲವೇ ಸರ್ಕಾರ ಅದನ್ನೇ ಮುಚ್ಚುತ್ತದೆ ಎಂಬ ಭಯ. ಕ್ಯಾಲಿಫೋರ್ನಿಯಾದಲ್ಲಿ ಇಕೋಟ್ರಸ್ಟ್ ಎಂಬ ಸಂಸ್ಥೆ ಒಬ್ಬೊಬ್ಬರನ್ನೇ ಕೂರಿಸಿ ಸಂದರ್ಶನ ಮಾಡಿತು. ಮೊದಲು ನೀವು ಮೀನು ಹಿಡಿಯುವ ಜಾಗಗಳನ್ನು ಗುರುತಿಸಿ ಎಂದರು. ಆಮೇಲೆ, ನಿಮ್ಮ ಬಳಿ 100 ನಾಣ್ಯ ಇದೆ ಎಂದುಕೊಳ್ಳಿ, ಆ ಜಾಗಗಳು ನಿಮಗೆ ಎಷ್ಟು ಮುಖ್ಯವೋ ಅದರಂತೆ ಹಂಚಿ ಎಂದರು. ಒಬ್ಬರ ನಕ್ಷೆ ಇನ್ನೊಬ್ಬರಿಗೆ ತೋರಿಸಲಿಲ್ಲ. ಎಲ್ಲರದ್ದನ್ನೂ ಕೂಡಿಸಿದ ನಕ್ಷೆ ಮಾತ್ರ ಹೊರಗೆ ಬಂತು. ಸರಳ ವಿಧಾನ, ದುಬಾರಿ ಯಂತ್ರ ಬೇಡ. ಆದರೆ ನಂಬಿಕೆ ಬೇಕು, ಸಮಯವೂ ಬೇಕು. 2012ರ ಕೊನೆಗೆ ಆ ರಾಜ್ಯದ ಉದ್ದಕ್ಕೂ 124 ಸಂರಕ್ಷಿತ ಪ್ರದೇಶಗಳ ಜಾಲ ಪೂರ್ತಿಯಾಯಿತು, ರಾಜ್ಯದ ಸಮುದ್ರದ ಸುಮಾರು 16%. ಎಲ್ಲರಿಗೂ ಖುಷಿಯಾಯಿತು ಎಂದೇನಲ್ಲ. ಜಗಳ ಮಾತ್ರ ಒಂದೇ ನಕ್ಷೆಯ ಮೇಲೆ ನಡೆಯಿತು.

ಈಗ ಕೆಲವರು ಕೇಳಬಹುದು, ಇಷ್ಟೆಲ್ಲ ಕಷ್ಟ ಏಕೆ, ಉಪಗ್ರಹ ಇದೆಯಲ್ಲ ಎಂದು. ಅಂತರರಾಷ್ಟ್ರೀಯ ಯಾನ ಮಾಡುವ 300 ಟನ್ನಿಗಿಂತ ದೊಡ್ಡ ಹಡಗುಗಳು ತಾವು ಎಲ್ಲಿದ್ದೇವೆ ಎಂದು ಹೇಳುವ ಎಐಎಸ್ ಎಂಬ ಸಂಕೇತ ಕೊಡುತ್ತಲೇ ಇರಬೇಕು. ಯುರೋಪಿನಲ್ಲಿ 15 ಮೀಟರಿಗಿಂತ ಉದ್ದದ ಮೀನುಗಾರಿಕೆ ಬೋಟುಗಳಿಗೂ ಇದು ಕಡ್ಡಾಯ. ಈ ಸಂಕೇತಗಳನ್ನು ಕೂಡಿಸಿದರೆ ಸಮುದ್ರದ ಸಂಚಾರದ ಚಂದದ ನಕ್ಷೆ ಸಿಗುತ್ತದೆ. ತೊಂದರೆ ಎಂದರೆ ಸಂಕೇತ ಕೊಡದವರು ಅದರಲ್ಲಿ ಇಲ್ಲವೇ ಇಲ್ಲ. 2024ರ ಜನವರಿಯಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ರಾಡಾರ್ ಉಪಗ್ರಹಗಳ ಚಿತ್ರಗಳನ್ನು ಈ ಸಂಕೇತಗಳ ಜೊತೆ ತಾಳೆ ನೋಡಿತು. ಜಗತ್ತಿನ ಕೈಗಾರಿಕಾ ಮೀನುಗಾರಿಕೆ ಹಡಗುಗಳಲ್ಲೇ ಸುಮಾರು ಮುಕ್ಕಾಲು ಪಾಲು ಸಾರ್ವಜನಿಕ ನಕ್ಷೆಗಳಲ್ಲಿ ಕಾಣುತ್ತಿರಲಿಲ್ಲ. ಅದರಲ್ಲಿ ಬಹಳಷ್ಟು ಆಫ್ರಿಕಾ, ದಕ್ಷಿಣ ಏಷ್ಯಾ ಮತ್ತು ಆಗ್ನೇಯ ಏಷ್ಯಾದ ಸುತ್ತ. ದೊಡ್ಡ ಹಡಗುಗಳ ಕಥೆಯೇ ಹೀಗಾದರೆ ಗಂಗೊಳ್ಳಿಯ ನಾಡದೋಣಿಯನ್ನು ಯಾವ ಉಪಗ್ರಹ ಎಣಿಸುತ್ತದೆ? ನಕ್ಷೆಯಲ್ಲಿ ಖಾಲಿ ಕಂಡ ನೀರಿಗೆ ಸಾಫ್ಟ್‌ವೇರ್ ಕಡಿಮೆ ಬೆಲೆ ಕಟ್ಟುತ್ತದೆ. ಕಡಿಮೆ ಬೆಲೆಯ ತುಂಡನ್ನೇ ಮೊದಲು ಆರಿಸುತ್ತದೆ. ಅದರ ಕೆಲಸವೇ ಅದು.

ಅಳತೆಯ ವಿಷಯ ಬಂದಾಗ ಒಂದು ತಮಾಷೆ ನೆನಪಾಗುತ್ತದೆ. ಭಾರತದ ಕರಾವಳಿ 7,516 ಕಿಲೋಮೀಟರ್ ಎಂದು ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆವು. ಈಚೆಗೆ ಸರ್ಕಾರ ಅದನ್ನು 11,098 ಕಿಲೋಮೀಟರ್ ಎಂದು ತಿದ್ದಿತು. ಹೊಸ ಭೂಮಿ ಹುಟ್ಟಿದ್ದರಿಂದಲ್ಲ. ಹೆಚ್ಚು ವಿವರ ಇರುವ ನಕ್ಷೆಯಲ್ಲಿ ಅಳೆದಾಗ ಅಳಿವೆ, ಕೊಲ್ಲಿ, ತಿರುವುಗಳೆಲ್ಲ ಲೆಕ್ಕಕ್ಕೆ ಬಂದವು. ಎಷ್ಟು ಹತ್ತಿರದಿಂದ ನೋಡುತ್ತೇವೆ ಎಂಬುದರ ಮೇಲೆ ಕರಾವಳಿಯ ಉದ್ದವೇ ಬದಲಾಗುತ್ತದೆ. ಅಲ್ಲಿ ಬದುಕುವವರ ಲೆಕ್ಕ ಬದಲಾಗದೇ ಇರುತ್ತದೆಯೇ?

ಇನ್ನೊಂದು ತೊಡಕು ಕಾಲದ್ದು. ನಕ್ಷೆಯ ಚೌಕ ವರ್ಷವಿಡೀ ಅಲ್ಲೇ ಇರುತ್ತದೆ, ಮೀನು ಇರುವುದಿಲ್ಲ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳಿಗೆ ರಜೆ. ಆಗ ದಡದ ಹತ್ತಿರದ ನೀರಿನಲ್ಲಿ ಮೀನು ಹಿಡಿಯುವುದು ನಾಡದೋಣಿಯವರು. ಕಡಲು ಒಮ್ಮೆ ಚೆನ್ನಾಗಿ ಕಲಕಿ ತೂಫಾನ್ ಎದ್ದ ಮೇಲೆ ಅವರಿಗೆ ಸುಗ್ಗಿ. ಆಗಸ್ಟ್‌ನಿಂದ ಅದೇ ನೀರಿಗೆ ಟ್ರಾಲ್ ಬೋಟು, ಪರ್ಸೀನ್ ಎಲ್ಲವೂ ಇಳಿಯುತ್ತವೆ. ಒಂದು ಚೌಕಕ್ಕೆ ವರ್ಷಕ್ಕೆ ಒಂದೇ ಬೆಲೆ ಬರೆದರೆ ಯಾರ ಹಿಡಿತದ ಬೆಲೆ ಬರೆದಂತೆ? ಒಟ್ಟು ಟನ್ನುಗಳಲ್ಲಿ ನಾಡದೋಣಿಯ ಪಾಲು ಸಣ್ಣದಾಗಿ ಕಾಣುತ್ತದೆ. ಆ ಎರಡು ತಿಂಗಳಲ್ಲಿ ಆ ಮನೆಗಳಿಗೆ ಅದೇ ಸರ್ವಸ್ವ.

ಇದಕ್ಕೆ ತಂತ್ರಜ್ಞಾನದಲ್ಲಿ ಉತ್ತರ ಇಲ್ಲ ಎಂದಲ್ಲ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಕತ್ತಿಮೀನು ಹಿಡಿಯುವ ಬಲೆಗೆ ಕಡಲಾಮೆ, ಕಡಲಸಿಂಹ, ನೀಲಿ ಶಾರ್ಕ್ ಸಿಕ್ಕಿ ಸಾಯುತ್ತಿದ್ದವು. ಆಮೆಗಾಗಿ 2001ರಿಂದ ಪ್ರತಿ ವರ್ಷ ದೊಡ್ಡ ಪ್ರದೇಶವೊಂದನ್ನು ಮೂರು ತಿಂಗಳು ಮುಚ್ಚುತ್ತಾ ಬಂದರು. ಆಮೇಲೆ ವಿಜ್ಞಾನಿಗಳು ಇಕೋಕಾಸ್ಟ್ ಎಂಬ ಸಾಧನ ಮಾಡಿದರು. ನೀರಿನ ಬಿಸಿ ಮುಂತಾದ ಉಪಗ್ರಹ ಮಾಹಿತಿ ನೋಡಿ, ಇವತ್ತು ಎಲ್ಲಿ ಕತ್ತಿಮೀನು ಜಾಸ್ತಿ, ಎಲ್ಲಿ ಆಮೆಯ ಅಪಾಯ ಜಾಸ್ತಿ ಎಂದು ಅದು ದಿನದಿನದ ನಕ್ಷೆ ಕೊಡುತ್ತದೆ. ಹೀಗೆ ದಿನಕ್ಕೆ ತಕ್ಕಂತೆ ಮುಚ್ಚಿದರೆ ಎರಡರಿಂದ ಹತ್ತು ಪಟ್ಟು ಸಣ್ಣ ಜಾಗ ಮುಚ್ಚಿ ಸಾಕಷ್ಟು ರಕ್ಷಣೆ ಪಡೆಯಬಹುದು ಎಂದು ಅವರು 2018ರಲ್ಲಿ ತೋರಿಸಿದರು. ನಮ್ಮಲ್ಲಿ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಹೆಚ್ಚುಕಡಿಮೆ ಇಂಥದೇ ಮಾಹಿತಿಯಿಂದ, ಮೀನು ಎಲ್ಲಿ ಸಿಗಬಹುದು ಎಂಬ ಸೂಚನೆಯನ್ನು ಕನ್ನಡದಲ್ಲೂ ಕೊಡುತ್ತಾ ಬಂದಿದೆ. ಅಂದರೆ ನಮ್ಮ ಮೀನುಗಾರರಿಗೆ ಉಪಗ್ರಹದ ನಕ್ಷೆ ಅಪರಿಚಿತವಲ್ಲ. ಆದರೆ ಮಾಹಿತಿ ಆ ಕಡೆಯಿಂದ ಈ ಕಡೆಗೆ ಬರುತ್ತದೆ. ಈ ಕಡೆಯಿಂದ ಆ ಕಡೆಗೆ ಹೋಗುವ ದಾರಿ ಕಿರಿದು.

ಈಗ ಭಾರತದ ಸಂಗತಿ. ನಾರ್ವೆಯ ಜೊತೆ 2019ರ ಒಪ್ಪಂದದ ನಂತರ ಪುದುಚೇರಿ ಮತ್ತು ಲಕ್ಷದ್ವೀಪದಲ್ಲಿ ಪ್ರಾಯೋಗಿಕವಾಗಿ ಸಾಗರ ಯೋಜನೆ ಶುರುವಾಯಿತು. ಭೂವಿಜ್ಞಾನ ಸಚಿವಾಲಯದ ಕೆಳಗೆ ಚೆನ್ನೈನ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ ಇದರಲ್ಲಿ ಮುಖ್ಯ ಪಾತ್ರ ವಹಿಸಿದೆ. ಈ ಕೆಲಸದಿಂದ ಸಹಾವ್ ಎಂಬ ನಕ್ಷೆ ಪೋರ್ಟಲ್ ಬಂತು. ಅದನ್ನು 2025ರ ಜೂನ್‌ನಲ್ಲಿ ಫ್ರಾನ್ಸಿನ ನೀಸ್‌ನಲ್ಲಿ ನಡೆದ ವಿಶ್ವಸಂಸ್ಥೆಯ ಸಾಗರ ಸಮಾವೇಶದ ವೇಳೆ ಬಿಡುಗಡೆ ಮಾಡಿದರು. ಇದರ ಜೊತೆಗೇ 2024ರ ಆಗಸ್ಟ್‌ನಲ್ಲಿ ಪ್ರಧಾನಿ ಇನ್ನೊಂದು ಯೋಜನೆಗೆ ಚಾಲನೆ ಕೊಟ್ಟರು. 13 ಕರಾವಳಿ ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳಲ್ಲಿ 1 ಲಕ್ಷ ಮೀನುಗಾರಿಕೆ ಬೋಟುಗಳಿಗೆ ಇಸ್ರೋ ರೂಪಿಸಿದ ಟ್ರಾನ್ಸ್‌ಪಾಂಡರ್ ಎಂಬ ಸಂಕೇತದ ಪೆಟ್ಟಿಗೆ ಹಾಕುವುದು. ವೆಚ್ಚ ಸುಮಾರು 364 ಕೋಟಿ ರೂಪಾಯಿ. ಅಪಾಯದಲ್ಲಿ ಸಂದೇಶ ಕಳಿಸಲು, ಹವಾಮಾನದ ಎಚ್ಚರಿಕೆ ಪಡೆಯಲು ಇದು ನಿಜಕ್ಕೂ ಬೇಕಾದದ್ದು, ಅದರಲ್ಲಿ ಎರಡು ಮಾತಿಲ್ಲ.

ಆದರೆ ಅದೇ ಪೆಟ್ಟಿಗೆ ಬೋಟು ಎಲ್ಲಿದೆ ಎಂದೂ ಹೇಳುತ್ತದೆ. ಆ ಮಾಹಿತಿ ಸಾಗರ ಯೋಜನೆಗೆ ಹೋಗುತ್ತದೆಯೇ, ಹೋದರೆ ಒಟ್ಟುಗೂಡಿಸಿ ಹೋಗುತ್ತದೆಯೇ, ದಂಡ ಹಾಕಲೂ ಬಳಸುತ್ತಾರೆಯೇ? ಇದಕ್ಕೆ ಮೀನುಗಾರರ ಸಂಘಗಳು ಬರಹದಲ್ಲಿ ಉತ್ತರ ಕೇಳಿ ಪಡೆಯಬೇಕು. ಇಲ್ಲದಿದ್ದರೆ ಪೆಟ್ಟಿಗೆ ಆಫ್ ಮಾಡಿ ಹೋಗುವವರು ಇದ್ದೇ ಇರುತ್ತಾರೆ. ಆಗ ಯೋಜನೆ ಮಾಡುವವರ ಕೈಗೆ ಮತ್ತೆ ಖಾಲಿ ನೀರಿನ ನಕ್ಷೆಯೇ ಸಿಗುತ್ತದೆ.

ಕರ್ನಾಟಕದ ಮಟ್ಟಿಗೆ ಒಂದು ಕೆಲಸಕ್ಕೆ ಸಾಫ್ಟ್‌ವೇರ್ ಬರುವವರೆಗೆ ಕಾಯಬೇಕಿಲ್ಲ. ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ದಶಕಗಳಿಂದ ಮೀನಿನ ಲೆಕ್ಕ ಇಡುತ್ತಿದೆ. ಆದರೆ ಆ ಲೆಕ್ಕ ಮೀನು ಇಳಿಯುವ ಜಾಗದ್ದು. ಮಲ್ಪೆಯಲ್ಲಿ ಎಷ್ಟು ಬಂಗುಡೆ ಇಳಿಯಿತು ಎಂದು ಗೊತ್ತಾಗುತ್ತದೆ, ಆ ಬಂಗುಡೆ ಎಷ್ಟು ಮಾರು ನೀರಿನಲ್ಲಿ, ಯಾವ ಕಡೆ, ಯಾವ ಬಲೆಗೆ ಬಿತ್ತು ಎಂದು ಅದೇ ವಿವರದಲ್ಲಿ ಸಿಗುವುದಿಲ್ಲ. ಯೋಜನೆಗೆ ಬೇಕಾದದ್ದು ಎರಡನೆಯದು. ಕ್ಯಾಲಿಫೋರ್ನಿಯಾದ ನೂರು ನಾಣ್ಯದ ಸಂದರ್ಶನವನ್ನು ಉಳ್ಳಾಲದಿಂದ ಕಾರವಾರದವರೆಗೆ ಮೀನುಗಾರರ ಸಂಘಗಳ ಮೂಲಕವೇ ಮಾಡಬಹುದು. ಜೂನ್, ಜುಲೈನಲ್ಲಿ ಬೋಟಿನವರಿಗೆ ಬಿಡುವು ಇರುತ್ತದೆ, ಆಗ ಅವರನ್ನು ಕೇಳಬಹುದು. ನಾಡದೋಣಿಯವರನ್ನು ಅವರ ಸುಗ್ಗಿ ಮುಗಿದ ಮೇಲೆ. ದಡದಿಂದ ಬಲೆ ಎಳೆಯುವ ಕೈರಂಪಣಿಯವರನ್ನು ಬೇರೆಯಾಗಿ, ಮೀನು ಮಾರುವ ಹೆಂಗಸರನ್ನು ಇನ್ನೂ ಬೇರೆಯಾಗಿ. ಮೂಲ ನಕ್ಷೆಗಳು ಸಂಘಗಳ ಬಳಿಯೇ ಉಳಿಯಲಿ, ಒಟ್ಟುಗೂಡಿಸಿದ ನಕ್ಷೆ ಮಾತ್ರ ಹೊರಗೆ ಹೋಗಲಿ. ಬಂದರು ಬರಲಿ, ಗಣಿ ಬರಲಿ, ಸಂರಕ್ಷಿತ ಪ್ರದೇಶ ಬರಲಿ, ಸಾರ್ವಜನಿಕ ಅಹವಾಲು ಸಭೆಯ ಮೇಜಿನ ಮೇಲೆ ಅದನ್ನು ತರುವವರ ನಕ್ಷೆಯ ಪಕ್ಕ ಇಡಲು ಇವರ ಹತ್ತಿರವೂ ಒಂದು ನಕ್ಷೆ ಇರುತ್ತದೆ.